ಭಂಗಿ ಗಿಡದ ಪ್ರಾಯ ಮತ್ತು ಮುಪ್ಪು
ಎಲೆಗೆ ಭಂಗಿ, ಹೂತೆನೆಗೆ ಗಾಂಜಾ, ಅಂಟಿಗೆ ಚರಸ್ಸು: ಒಂದೇ ಗಿಡಕ್ಕೆ ಜನರಿಟ್ಟ ಈ ಮೂರು ಹೆಸರುಗಳಲ್ಲಿಯೇ ಅಮಲಿನ ಏರಿಕೆ ಅಡಗಿದೆ. ಆ ಅಮಲಿನ ಮೂಲವನ್ನು ಅರಸಿ ಹೊರಟ ಕೇಂಬ್ರಿಜ್ಜಿನ ವುಡ್, ಸ್ಪೈವಿ, ಈಸ್ಟರ್‌ಫೀಲ್ಡ್ ಎಂಬ ರಸಾಯನಜ್ಞರು 1896ರಲ್ಲಿ ಚರಸ್ಸನ್ನು ಬಟ್ಟಿಯಿಳಿಸಿ, ದೊರೆತ ಎಣ್ಣೆಗೆ ಕ್ಯಾನಬಿನಾಲ್ ಎಂದು ಹೆಸರಿಟ್ಟು, ಸತ್ತ್ವ ಕೈಗೆ ಸಿಕ್ಕಿತೆಂದು ಬಗೆದರು. ಇಂದು ಆ ಹೆಸರು ಉಳಿದಿರುವುದು ಮುಪ್ಪಿನ ದ್ರವ್ಯವೊಂದಕ್ಕೆ.

ಹೂ ಬಲಿತಂತೆ ಅಂಟಿನಲ್ಲಿ ಟಿ.ಎಚ್.ಸಿ.ಯ ಆಮ್ಲರೂಪ ಹೆಚ್ಚುತ್ತದೆ. ಕಾಸಿದರೆ ಅದು ಟಿ.ಎಚ್.ಸಿ. ಆಗುತ್ತದೆ, ಗಾಳಿ ಬೆಳಕುಗಳಲ್ಲಿ ಹಳತಾದರೆ ಅಮಲಿಳಿದು ಕ್ಯಾನಬಿನಾಲ್ ಉಳಿಯುತ್ತದೆ. ಟಿ.ಎಚ್.ಸಿ.ಯನ್ನು ಶುದ್ಧವಾಗಿ ಬೇರ್ಪಡಿಸಿ ಅದರ ರಚನೆಯನ್ನು 1964ರಲ್ಲಿ ಪ್ರಕಟಿಸಿದವರು ಇಸ್ರೇಲಿನ ಗಾವೋನಿ ಮತ್ತು ಮೆಕೂಲಮ್. ಬೂದಿಯಿಂದ ಕಿಚ್ಚಿನವರೆಗೆ ಹಿಂದಕ್ಕೆ ನಡೆಯಲು ಶಾಸ್ತ್ರಕ್ಕೆ ಸುಮಾರು ಎಪ್ಪತ್ತು ವರ್ಷ ಹಿಡಿಯಿತು. ಪದಾರ್ಥದ ಗುಣವನ್ನು ಹೇಳುವವನು ಮೊದಲು ಅದರ ವಯಸ್ಸನ್ನು ಕೇಳಬೇಕು.