ಹೆಸರು ಹೊಲಿದ ಕೌದಿ, ಹೆಸರಿಲ್ಲದ ಹಳಿ

ನಾನಿರೋ ಬ್ರಿಕ್‌ಫೀಲ್ಡ್ಸ್ ಅಂದ್ರೆ ಇಟ್ಟಿಗೆ ಬಯಲು. 1881ರ ಬೆಂಕಿ, ಪ್ರವಾಹದ ನಂತರ ಕೌಲಾಲಂಪುರವನ್ನು ಇಟ್ಟಿಗೆಯಲ್ಲಿ ಕಟ್ಟಲು ಇಲ್ಲಿನ ಮಣ್ಣು ಅಗೆದರು. ಆಮೇಲೆ ರೈಲ್ವೆ ಬಂತು, ಅದರ ಜೊತೆ ತಮಿಳರೂ ಬಂದರು. ಇಲ್ಲಿನ ಹಳಿ ನೋಡಿದಾಗೆಲ್ಲ ನನಗೆ ನೆನಪಾಗೋದು ಕೌದಿ!

ಹೌದು, ಉತ್ತರ ಕರ್ನಾಟಕದ ಅಜ್ಜಿಯರು ಹಳೇ ಸೀರೆ ಸೇರಿಸಿ ಹೊಲೀತಾರಲ್ಲ, ಅಂಥದ್ದೇ. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನಿಗೆ ಶರಣಾಯಿತು. ಯುರೋಪಿಯನ್ ಹೆಂಗಸರು, ಗಂಡಸರು ಚಾಂಗಿ ಜೈಲಿನಲ್ಲಿ ಬೇರೆ ಬೇರೆ ಕಡೆ ಬಂದಿಗಳಾದರು. ಕೆನಡಾದ ಎಥೆಲ್ ಮುಲ್ವಾನಿ ಹೆಂಗಸರಿಗೆ ಬಟ್ಟೆಯ ಚೌಕಗಳನ್ನು ಹಂಚಿ ಕಸೂತಿ ಹಾಕಿಸಿದರು. ಒಂದೊಂದು ಕೌದಿಗೆ 66 ಚೌಕ. ಚೌಕದಲ್ಲೊಂದು ಚಿತ್ರ, ಜೊತೆಗೆ ಹೊಲಿದವಳ ಹೆಸರು. ಗಾಯಾಳುಗಳ ಹೊದಿಕೆ ಅಂತ ಆಸ್ಪತ್ರೆಗೆ ಹೋದ ಕೌದಿ, ಗಂಡಂದಿರಿಗೆ ‘ಬದುಕಿದ್ದೇನೆ’ ಅಂತ ಹೇಳುತ್ತಿತ್ತು. ದಾರದಲ್ಲಿ ಕಳಿಸಿದ ಎಸ್ಸೆಮ್ಮೆಸ್ ಅನ್ನಿ! ಜಪಾನಿ ಗಾಯಾಳುಗಳಿಗೂ ಒಂದು ಕೌದಿ ಹೊಲಿದರು. ಅದೀಗ ಕ್ಯಾನ್‌ಬೆರಾದ ಯುದ್ಧ ಸ್ಮಾರಕದಲ್ಲಿದೆ.

ಅದೇ ಯುದ್ಧದಲ್ಲಿ ಜಪಾನಿಯರು ಮಲಯಾದ ರಬ್ಬರ್ ತೋಟಗಳ ತಮಿಳು ಕೂಲಿಗಳನ್ನು ರೈಲಿನಲ್ಲಿ ತುಂಬಿ ಉತ್ತರಕ್ಕೆ ಒಯ್ದರು. ಅಲ್ಲಿ ಕಾಡು ಕಡಿದು, ಬಂಡೆ ಸೀಳಿ, ಥಾಯ್ಲೆಂಡಿನಿಂದ ಬರ್ಮಾಕ್ಕೆ 415 ಕಿ.ಮೀ. ರೈಲುಹಾದಿ ಹಾಕಿಸಿದರು. 1943ರ ಅಕ್ಟೋಬರಿನಲ್ಲಿ ಅದು ಮುಗೀತು. ಸತ್ತ ಯುದ್ಧಕೈದಿಗಳು ಸುಮಾರು 12,000. ಅವರಲ್ಲಿ ಸಾವಿರಾರು ಜನರ ಹೆಸರು ಕಾಂಚನಬುರಿಯ ಸಮಾಧಿಗಳ ಮೇಲಿದೆ. ಏಷ್ಯಾದ ಕೂಲಿಗಳು? ಸತ್ತವರು ಅಂದಾಜು 90,000. ಬಹುಪಾಲು ಜನರಿಗೆ ಗೋರಿಯೂ ಇಲ್ಲ, ಹೆಸರೂ ಇಲ್ಲ.

ಚಾಂಗಿಯ ಹೆಂಗಸರ ಕಷ್ಟ ಸಣ್ಣದೇನಲ್ಲ. ಆದರೆ ನೆನಪು ಉಳಿಯೋಕೂ ಒಂದು ತುಂಡು ಬಟ್ಟೆ, ಎರಡು ಮೊಳ ದಾರ, ಅದನ್ನು ಜೋಪಾನ ಮಾಡೋ ಒಂದು ದೇಶ ಬೇಕು. ತೋಟದ ಕೂಲಿಗೆ ಆ ಮೂರೂ ಇರಲಿಲ್ಲ. ಭೂಮಿಯ ಮೇಲೆ ಅವನು ಹಾಕಿದ ಹೊಲಿಗೆ ಮಾತ್ರ ಆ ಬೆಟ್ಟದಲ್ಲಿ ಇನ್ನೂ ಕಾಣುತ್ತದೆ.