ಐವತ್ತೆರಡು ರನ್ನಿನ ನೆನಪು

1996ರ ಅಕ್ಟೋಬರ್ 21. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಟೈಟನ್ ಕಪ್‌ನ ಹೊನಲು ಬೆಳಕಿನ ಪಂದ್ಯ. ಆಸ್ಟ್ರೇಲಿಯಾ ಗಳಿಸಿದ್ದು 215. ಅದರಲ್ಲಿ ನಾಯಕ ಮಾರ್ಕ್ ಟೇಲರ್ ಒಬ್ಬರದೇ 105. ಬೆನ್ನಟ್ಟಿದ ಭಾರತದ ಪರ ನಾಯಕ ಸಚಿನ್ ತೆಂಡೂಲ್ಕರ್ 88 ಹೊಡೆದು ಔಟಾದಾಗ ಮೊತ್ತ 8 ವಿಕೆಟ್‌ಗೆ 164. ಇನ್ನೂ 52 ರನ್ ಬೇಕಿತ್ತು. ಸಚಿನ್ ಔಟಾದರೆ ಟಿ.ವಿ. ಆರಿಸಿ ಊಟಕ್ಕೆ ಏಳುವುದು ಆಗಿನ ರೂಢಿ. ಅಂದೂ ಎಷ್ಟೋ ಮನೆಗಳಲ್ಲಿ ಹಾಗೆಯೇ ಆಯಿತು.

ಉಳಿದವರು ಜಾವಗಲ್ ಶ್ರೀನಾಥ್ ಮತ್ತು ಅನಿಲ್ ಕುಂಬ್ಳೆ. ಒಬ್ಬರು ಮೈಸೂರಿನವರು, ಇನ್ನೊಬ್ಬರು ಬೆಂಗಳೂರಿನವರು. ಇಬ್ಬರೂ ಎಂಜಿನಿಯರಿಂಗ್ ಓದಿದ ಬೌಲರ್‌ಗಳು. ಕ್ರೀಡಾಂಗಣದಲ್ಲಿದ್ದ ತಾಯಂದಿರ ಆತಂಕದ ಮುಖಗಳನ್ನು ಕ್ಯಾಮೆರಾ ಮತ್ತೆ ಮತ್ತೆ ತೋರಿಸುತ್ತಿತ್ತು. ಶ್ರೀನಾಥ್ ಅಜೇಯ 30, ಕುಂಬ್ಳೆ ಅಜೇಯ 16. ಏಳು ಎಸೆತ ಉಳಿದಿರುವಂತೆ ಭಾರತ ಎರಡು ವಿಕೆಟ್‌ಗಳಿಂದ ಗೆದ್ದಿತು.

ಅಂಕಿಗಳಲ್ಲಿ ಇದು ಪುಟ್ಟ ಜೊತೆಯಾಟ. ಪಂದ್ಯವೂ ಫೈನಲ್ ಅಲ್ಲ, ಲೀಗ್ ಹಂತದ್ದು. ಆ ಸರಣಿಯ ಕಪ್ ಭಾರತದ ಕೈಸೇರಿದ್ದು ನವೆಂಬರ್ 6ರಂದು, ಮುಂಬೈಯಲ್ಲಿ, ಅಲ್ಲಿಯವರೆಗೆ ಒಂದೂ ಪಂದ್ಯ ಸೋಲದ ದಕ್ಷಿಣ ಆಫ್ರಿಕಾವನ್ನು ಸೋಲಿಸಿ. ಆದರೂ ಕನ್ನಡಿಗರು ನಾಲ್ಕು ಜನ ಸೇರಿ ಹಳೆಯ ಕ್ರಿಕೆಟ್ ಮಾತಾಡಿದರೆ ಫೈನಲ್‌ಗಿಂತ ಮೊದಲು ಬರುವುದು ಈ 52 ರನ್.

ಇದಕ್ಕೆ ಕಾರಣ ತಂಡದ ಪಟ್ಟಿಯಲ್ಲೂ ಇದೆ. ಅಂದಿನ ಹನ್ನೊಂದರಲ್ಲಿ ಆರು ಮಂದಿ ಕರ್ನಾಟಕದವರು: ಇವರಿಬ್ಬರ ಜೊತೆ ರಾಹುಲ್ ದ್ರಾವಿಡ್, ವೆಂಕಟೇಶ್ ಪ್ರಸಾದ್, ಸುನಿಲ್ ಜೋಶಿ, ಸುಜಿತ್ ಸೋಮಸುಂದರ್. ಹೆಸರುಗಳಲ್ಲೂ ಇದೆ. ಜಾವಗಲ್ ಹಾಸನ ಜಿಲ್ಲೆಯ ಊರು. ಕುಂಬಳೆ ಇರುವುದು ಕಾಸರಗೋಡಿನಲ್ಲಿ, 1956ರಲ್ಲಿ ಕೇರಳಕ್ಕೆ ಸೇರಿದ ಕನ್ನಡದ ಅಂಚಿನಲ್ಲಿ. ಪುಣೆಯಲ್ಲೋ ದೆಹಲಿಯಲ್ಲೋ ಟಿ.ವಿ. ಮುಂದೆ ಕುಳಿತ ಕನ್ನಡಿಗನಿಗೆ ಆ ರಾತ್ರಿ ಕೇಳಿಸಿದ್ದು ಎರಡು ಊರುಗಳ ಹೆಸರು. ಪಕ್ಕದ ಮನೆಯವರು ಭಾರತ ಗೆದ್ದಿತೆಂದು ಕುಣಿದರು. ಇವನ ಸಂತೋಷಕ್ಕೆ ಇನ್ನೊಂದು ಕಾರಣವಿತ್ತು, ಅದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿತ್ತು.

ಆದರೆ ನೆನಪು ಎಲ್ಲವನ್ನೂ ಇಟ್ಟುಕೊಳ್ಳುವುದಿಲ್ಲ. ಅದೇ ರಾತ್ರಿ ಅಜರುದ್ದೀನ್ ಎಲ್‌ಬಿಡಬ್ಲ್ಯೂ ಆದಾಗ ಪ್ರೇಕ್ಷಕರು ಮೈದಾನಕ್ಕೆ ಬಾಟಲಿ ಎಸೆದು ಆಟ ಕೆಲಹೊತ್ತು ನಿಂತಿತ್ತು. ಅದೇ ವರ್ಷ ಮಾರ್ಚ್ 13ರಂದು ಕೋಲ್ಕತ್ತದ ವಿಶ್ವಕಪ್ ಸೆಮಿಫೈನಲ್ ಇಂಥದೇ ಗಲಾಟೆಯಲ್ಲಿ ಅರ್ಧಕ್ಕೆ ಮುಗಿದಿತ್ತು. ಈಡನ್ ಗಾರ್ಡನ್ಸ್‌ನ ಬಾಟಲಿಗಳು ಎಲ್ಲರಿಗೂ ನೆನಪಿವೆ, ಚಿನ್ನಸ್ವಾಮಿಯವು ಮರೆತಿವೆ. ಕೋಲ್ಕತ್ತದಲ್ಲಿ ಸೋತೆವು, ಬೆಂಗಳೂರಿನಲ್ಲಿ ಗೆದ್ದೆವು; ವ್ಯತ್ಯಾಸ ಅಷ್ಟೇ. ನಮ್ಮೂರಿನ ಪ್ರೇಕ್ಷಕರು ಸಭ್ಯರು ಎಂಬ ಹೆಮ್ಮೆಯೂ ಈ ಮರೆವಿನಿಂದ ಬಲಗೊಂಡಿದೆ.

ಹಾಗೆಂದು ಆ ಸಂಭ್ರಮ ಸುಳ್ಳಲ್ಲ. ಅಂದು ಟಿ.ವಿ. ಆರಿಸಿ ಮಲಗಿದವರು ಕೂಡ ಈಗ ಕೊನೆಯ ರನ್ನನ್ನು ಕಣ್ಣಾರೆ ಕಂಡಂತೆ ವರ್ಣಿಸುತ್ತಾರೆ. ಊರು ಬಿಟ್ಟವರಿಗೆ ಊರಿನೊಂದಿಗೆ ಒಂದೇ ಹೊತ್ತಿನಲ್ಲಿ ಉಸಿರು ಬಿಗಿಹಿಡಿದ ರಾತ್ರಿಗಳು ಹೆಚ್ಚಿಲ್ಲ. ಇದ್ದ ಒಂದರಲ್ಲಿ ತಾವೂ ಇದ್ದೆವೆಂದು ಹೇಳಿಕೊಳ್ಳುವುದು ಸಹಜ. ಬಾಟಲಿಗಳನ್ನೂ ಸೇರಿಸಿ ಹೇಳಿದರೆ ಕಥೆ ಪೂರ್ತಿಯಾಗುತ್ತದೆ. 52 ರನ್ನಿನಲ್ಲಿ ಒಂದೂ ಕಡಿಮೆಯಾಗುವುದಿಲ್ಲ.