ಎರಡು ಕಡಲುಗಳ ನಡುವಣ ಐಮಂಗಲ

ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಐಮಂಗಲದಿಂದ ಪಡುವಣ ಕಡಲು ಸುಮಾರು 200 ಕಿಲೋಮೀಟರ್. ಮೂಡಣ ಕಡಲು ಅದರ ಎರಡರಷ್ಟು ದೂರ. ಆದರೂ ಈ ಊರಿನ ಹೊಲಗಳು ಹತ್ತಿರದ ಕಡಲಿಗಿಂತ ದೂರದ ಕಡಲನ್ನೇ ನೆಚ್ಚಿಕೊಂಡು ಬಂದಿವೆ. ಅರಬ್ಬಿ ಸಮುದ್ರದಿಂದ ಬರುವುದು ಹೆಚ್ಚಾಗಿ ಗಾಳಿ. ಹಿಂಗಾರಿನ ನೀರೇನಿದ್ದರೂ ಬಂಗಾಳ ಕೊಲ್ಲಿಯದು. ಅದೂ ಕೊಟ್ಟರೆ ಕೊಟ್ಟಿತು, ಬಿಟ್ಟರೆ ಬಿಟ್ಟಿತು. ಕೊಡುವಾಗಲೂ ಕಣದಲ್ಲಿ ರಾಗಿ ಬಿದ್ದಿರುವ ಹೊತ್ತು ನೋಡಿಯೇ ಕೊಡುತ್ತದೆ ಎಂಬುದು ಇಲ್ಲಿನವರ ದೂರು.

ಹಿರಿಯೂರು ಬಿಟ್ಟು ಚಿತ್ರದುರ್ಗದ ಕಡೆ ಹೊರಟರೆ ದಾರಿಯ ಹೆಚ್ಚುಕಡಿಮೆ ನಡುವೆ ಸಿಗುವ ಊರು ಇದು. ಹಿರಿಯೂರು ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಒಂದರ ಕೇಂದ್ರ. ಉಳಿದ ಮೂರು ಕಸಬಾ, ಧರ್ಮಪುರ, ಜವನಗೊಂಡನಹಳ್ಳಿ. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿ ಊರನ್ನು ಸವರಿಕೊಂಡು ಹೋಗುತ್ತದೆ. ಹಿಂದೆ ಅದರ ನಂಬರು 4, ಈಗ 48. ಬಸ್ಸಿನಲ್ಲಿ ಕೂತು ಹೋಗುವವರಿಗೆ ಐಮಂಗಲ ಅಂದರೆ ಪೊಲೀಸ್ ತರಬೇತಿ ಶಾಲೆ, ನಾಲ್ಕಾರು ಹೋಟೆಲು, ದೂರದ ಗುಡ್ಡದ ನೆತ್ತಿಯಲ್ಲಿ ತಿರುಗುವ ಗಾಳಿಯಂತ್ರಗಳು, ಅಷ್ಟೆ. ಕಿಟಕಿಯಾಚೆ ನೋಡಿದರೆ ಅಲ್ಲಲ್ಲಿ ಕೆಂಪು ನೆಲ, ಅಲ್ಲಲ್ಲಿ ಎರೆ, ನಡುನಡುವೆ ಜಾಲಿ. ಊರಿಗೆ ಚರಿತ್ರೆ ಇದೆ ಎಂದು ಹೇಳುವ ಕಂಬವೋ ಗೋಪುರವೋ ಹೆದ್ದಾರಿಗೆ ಕಾಣುವಂತೆ ನಿಂತಿಲ್ಲ.

ಪುಸ್ತಕದ ಚರಿತ್ರೆ ಬೇಕಾದವರಿಗೆ ಅದೂ ಉಂಟು. ಈ ಸೀಮೆ ನೊಳಂಬವಾಡಿ 32000ದ ಭಾಗವಾಗಿತ್ತು. ನೊಳಂಬರ ರಾಜಧಾನಿ ಹೇಮಾವತಿ ಇಂದು ಆಂಧ್ರದ ಗಡಿಯೊಳಗಿದೆ. ಆಮೇಲೆ ವಿಜಯನಗರ, ಅದರ ಬೆನ್ನಿಗೆ ದುರ್ಗದ ಪಾಳೆಯಗಾರರು, 1779ರಲ್ಲಿ ಹೈದರಾಲಿ, 1799ರ ನಂತರ ಮೈಸೂರಿನ ಒಡೆಯರು. ಆದರೆ ಹಳಬರನ್ನು ಕೂರಿಸಿಕೊಂಡು ಕೇಳಿದರೆ ಆಳಿದವರ ಹೆಸರು ಬೇಗ ಮುಗಿದುಹೋಗುತ್ತದೆ, ಮಳೆ ಕೈಕೊಟ್ಟ ವರ್ಷಗಳ ಮಾತು ಮುಗಿಯುವುದಿಲ್ಲ. ನನಗೂ ಅದೇ ಈ ಊರಿನ ನಿಜವಾದ ವಂಶಾವಳಿ ಎನ್ನಿಸುತ್ತದೆ.

ಹಾಗೆ ನೋಡಿದರೆ ಇಲ್ಲಿನ ಅತ್ಯಂತ ಹಳೆಯ ದಾಖಲೆ ಯಾವ ಶಾಸನವೂ ಅಲ್ಲ, ಹೋಬಳಿಯ ಮರಡಿಹಳ್ಳಿಯಲ್ಲಿರುವ ಕಲ್ಲು. ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಅದರ ತಳ ಬಿರಿದು ಲಾವಾ ಉಕ್ಕಿತು. ತಣ್ಣೀರು ತಗುಲಿದ ಕೂಡಲೇ ಹೊರಮೈ ಗಟ್ಟಿಯಾಯಿತು. ಒಳಗಿನ ಬಿಸಿ ದ್ರವ ಸುಮ್ಮನಿರದೆ ಆ ಸಿಪ್ಪೆಯನ್ನು ಉಬ್ಬಿಸಿ, ಒಡೆದು, ಪಕ್ಕದಲ್ಲಿ ಮತ್ತೊಂದು ಉಂಡೆಯಾಗಿ ಹೊರಬಂತು. ಹೀಗೆ ಒಂದರ ಮೇಲೊಂದು ಪೇರಿಸಿಟ್ಟ ದಿಂಬುಗಳ ರಾಶಿ ಕಲ್ಲಾಗಿ ನಿಂತಿದೆ. ಭೂವಿಜ್ಞಾನಿಗಳು ದಿಂಬು ಲಾವಾ ಎಂದು ಕರೆಯುವುದು ಇದನ್ನೇ. ಈ ಬಗೆಯ ಶಿಲೆ ಇಷ್ಟು ಚೆನ್ನಾಗಿ ಕಾಣಸಿಗುವ ಜಾಗಗಳು ಜಗತ್ತಿನಲ್ಲೇ ಕಡಿಮೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 1976ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ದುರ್ಗದ ಕೋಟೆ ನೋಡಲು ಬಂದವರಲ್ಲಿ ಇತ್ತ ತಿರುಗುವವರು ಎಷ್ಟು ಮಂದಿಯೋ! ಕೋಟೆಯ ಒನಕೆ ಕಿಂಡಿಯನ್ನು ಬಿಟ್ಟು ಕರಿಬಂಡೆ ನೋಡಲು ಮಕ್ಕಳನ್ನು ಎಬ್ಬಿಸಿಕೊಂಡು ಬರುವುದು ಕಷ್ಟದ ಕೆಲಸವೇ. ಆದರೆ ನೀರಿಗಾಗಿ ಇಷ್ಟು ಪರದಾಡುವ ನೆಲ ಒಮ್ಮೆ ಪೂರ್ತಿ ನೀರಿನಡಿಯಲ್ಲಿತ್ತು ಎಂಬುದಕ್ಕೆ ಕೈಯಿಟ್ಟು ಮುಟ್ಟಬಹುದಾದ ಸಾಕ್ಷಿ ಬೇರೆಲ್ಲಿ ಸಿಗಬೇಕು?

ಇವತ್ತಿನ ಸಂಗತಿ ಬೇರೆ. ಜೂನ್‌ನಲ್ಲಿ ಅರಬ್ಬಿ ಸಮುದ್ರದಿಂದ ಏರಿಬರುವ ಮೋಡ ಪಶ್ಚಿಮ ಘಟ್ಟಕ್ಕೆ ತಾಗಿ ಅಲ್ಲೇ ಬರಿದಾಗುತ್ತದೆ. ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿ.ಮೀ. ದಾಟುತ್ತದೆ. ಹಿರಿಯೂರು ತಾಲ್ಲೂಕಿನ ಇಡೀ ವರ್ಷದ ಲೆಕ್ಕ 600ರ ಆಸುಪಾಸು. ಘಟ್ಟ ಇಳಿದ ಮೇಲೆ ಉಳಿಯುವುದು ಬಿರುಸು ಗಾಳಿ. ಆಷಾಢದಲ್ಲಿ ತಲೆಯ ಮೇಲೆ ಮೋಡ ಓಡುತ್ತಲೇ ಇರುತ್ತದೆ, ಹನಿ ಬೀಳುವುದಿಲ್ಲ. ಆ ಗಾಳಿಯಿಂದಲೂ ಕರೆಂಟು ತೆಗೆಯಬಹುದು ಎಂದು ತಿಳಿದಮೇಲೆ ಗುಡ್ಡಗಳಿಗೆ ಯಂತ್ರಗಳು ಹತ್ತಿದವು. ಇಲ್ಲಿ ಮಳೆ ಹದವಾಗಿ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ: ಉತ್ತರೆ, ಹಸ್ತ, ಚಿತ್ತ, ಸ್ವಾತಿ. ವಿಶಾಖ, ಅನೂರಾಧಕ್ಕೆ ರೈತನ ಮಳೆ ಲೆಕ್ಕ ಮುಗಿಯಿತು. ಅದರಾಚೆಗೆ ಬೀಳುವುದಕ್ಕೆ ಪಂಚಾಂಗದ ಮರ್ಯಾದೆ ಇಲ್ಲ. ಹೋಟೆಲಿನ ಮುಂದೆ ಟೀ ಹಿಡಿದು ನಿಂತವರು ಹೇಳುವುದು ಇಷ್ಟೆ: "ಇದು ಮಳೆ ಅಲ್ಲ ಕಣಣ್ಣ, ಸೈಕ್ಲೋನು."

ಈ ಹಿಂಗಾರು ಬಾರದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಧಾತು, ಈಶ್ವರ ಸಂವತ್ಸರಗಳ ಬರವೇ ಸಾಕ್ಷಿ. 1876ರಲ್ಲಿ ಮುಂಗಾರು ಸೊರಗಿತು, ಹಿಂಗಾರೂ ಕೈಕೊಟ್ಟಿತು. 1878ರ ಹೊತ್ತಿಗೆ ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಸುಮಾರು ಐದನೇ ಒಂದು ಪಾಲನ್ನು ಕಳೆದುಕೊಂಡಿತ್ತು. ಬರದ ಪೆಟ್ಟು ತಿಂದ ಆ ತಲೆಮಾರು ಕಣ್ಮರೆಯಾಗುವ ಮೊದಲೇ, 1898ರಲ್ಲಿ, ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ ಅಣೆಕಟ್ಟಿನ ಕೆಲಸ ಶುರುವಾಯಿತು. 1907ಕ್ಕೆ ಮುಗಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ತಾಯಿ, ರೀಜೆಂಟ್ ಆಗಿ ರಾಜ್ಯ ನಡೆಸಿದ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ ಬಂತು. 30 ಟಿಎಂಸಿ ಹಿಡಿಯುವ ಆ ಜಲಾಶಯ 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ಮೇಲೆ. 2025ರ ಜನವರಿಯಲ್ಲಿ ಮೂರನೇ ಸಲ. ಈ ಎರಡು ಸಲಕ್ಕೂ ಮಳೆಯ ಜೊತೆಗೆ ಭದ್ರೆಯಿಂದ ಎತ್ತಿ ತಂದ ನೀರಿನ ಆಸರೆ ಇತ್ತು. ಆದರೆ ಹಿರಿಯೂರಿನ ಬಯಲಿನ ತೋಟಗಳಿಗೆ ಕಾಲುವೆಯಲ್ಲಿ ಇಳಿಯುವ ಈ ನೀರು ಐಮಂಗಲದ ದಿಬ್ಬಗಳ ಕಡೆ ತಾನಾಗಿ ಏರಿ ಬರುವುದಿಲ್ಲ. ತಮ್ಮ ತಾಲ್ಲೂಕಿನ ಅಣೆ ತುಂಬಿದರೂ ತಮ್ಮ ಕೆರೆ ತುಂಬದವರ ಸಂಕಟ ಇದು. ಕೆರೆಗಳಿಗೆ ನೀರು ಹರಿಸಿ ಎಂಬ ಕೂಗು ಈ ಭಾಗದಲ್ಲಿ ಇಂದು ನಿನ್ನೆಯದಲ್ಲ. ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ಕೊಡುವುದಾಗಿ 2023ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದ ಮೇಲೆ ಆ ಕೂಗಿನಲ್ಲಿ ಆಸೆಯೂ ಬೆರೆಯಿತು. ಆ ನೀರು ಬರುವವರೆಗೆ ಆಕಾಶವೇ ಗತಿ. ಬೋರ್‌ವೆಲ್ ಕೊರೆಸಿದವನಿಗೂ ಕಡೆಗೆ ಅದೇ ಗತಿ.

ಹೀಗಿರುವಾಗ ಚಳಿಗಾಲದ ಒಂದು ಸೈಕ್ಲೋನ್ ವಾರ ಎಂದರೆ ಈ ಊರಿಗೆ ವರವೂ ಹೌದು, ದಂಡವೂ ಹೌದು. 2024ರ ನವೆಂಬರ್ ಕೊನೆಯ ಫೆಂಗಲ್ ಚಂಡಮಾರುತವನ್ನೇ ತೆಗೆದುಕೊಳ್ಳಿ. ಸೌದಿ ಅರೇಬಿಯಾ ಸೂಚಿಸಿದ ಹೆಸರು ಅದು. ಕೊಲ್ಲಿಯಲ್ಲಿ ದಿನಗಟ್ಟಲೆ ಹಿಂದುಮುಂದು ನೋಡಿ 29ರಂದು ಚಂಡಮಾರುತವಾಯಿತು, 30ರ ರಾತ್ರಿ ಪುದುಚೇರಿಯ ಹತ್ತಿರ ದಡ ಹತ್ತಿತು. ಹತ್ತಿದ್ದೇ ಅಲ್ಲೇ ಗೂಟ ಹೊಡೆದುಕೊಂಡು ಕೂತಿತು. ಪುದುಚೇರಿಯಲ್ಲಿ ಒಂದೇ ದಿನ 46 ಸೆಂಟಿಮೀಟರ್‌ಗೂ ಹೆಚ್ಚು ಮಳೆ. ಐಮಂಗಲದ ಕಡೆ ಒಂದು ವರ್ಷಕ್ಕೆ ಬೀಳುವುದರ ಮುಕ್ಕಾಲು ಪಾಲು. ಆಮೇಲೆ ಬಲಗುಂದಿ, ತಮಿಳುನಾಡಿನ ಒಳನಾಡನ್ನು ಹಾಯ್ದು, ಡಿಸೆಂಬರ್ 3ರ ಹೊತ್ತಿಗೆ ಕರ್ನಾಟಕ, ಕೇರಳದ ಕರಾವಳಿಯಾಚೆ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಅನೂರಾಧ ಕಳೆದು ಜ್ಯೇಷ್ಠಾ ಹುಟ್ಟುವ ಸಂದಿಯಲ್ಲಿ ಒಂದು ಕಡಲಿಂದ ಇನ್ನೊಂದು ಕಡಲಿಗೆ ನಡೆದುಹೋದ ಮೋಡ ಅದು.

ಇಂಥ ವಾರದ ಮೊದಲ ಎರಡು ಮೂರು ದಿನ ಐಮಂಗಲದಲ್ಲಿ ಚಳಿ ಇನ್ನೂ ಚಳಿಯ ಹಾಗೇ ಇರುತ್ತದೆ. ಬೆಳಗಿನ ಇಬ್ಬನಿ, ನಡುಹಗಲಿನ ಒಣ ಬಿಸಿಲು, ಮೂಡಣ ಗಾಳಿ. ಕೊಯ್ದ ರಾಗಿ ಸಿವುಡು ಕಟ್ಟಿ ಹೊಲದಲ್ಲೇ ಬಿದ್ದಿರುತ್ತದೆ. ಮೆಕ್ಕೆಜೋಳವನ್ನು ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹರವಿರುತ್ತಾರೆ. ಬೈಕಿನವರು ಬೈಯುತ್ತಾರೆ. ಒಕ್ಕಣೆ ಕಣ ಇಲ್ಲದವನು ಸರ್ಕಾರದ ರಸ್ತೆಯನ್ನು ಬಿಟ್ಟು ಇನ್ನೆಲ್ಲಿ ಹೋಗಬೇಕು? ಆಮೇಲೆ ಒಂದು ಸಂಜೆ ಎತ್ತರದಲ್ಲಿ ಹಿಂಜಿದಂಥ ಬಿಳಿ ಮೋಡ. ಮರುದಿನ ಸೂರ್ಯ ಮಂಕು. ಅಲ್ಲಿಂದ ಹಗಲು ತಣ್ಣಗಾಗುತ್ತದೆ, ರಾತ್ರಿ ಬೆಚ್ಚಗಾಗುತ್ತದೆ. ನೆಲ ಬಿಡುವ ಶಾಖವನ್ನು ಮೋಡ ಮೇಲಕ್ಕೆ ಹೋಗಗೊಡುವುದಿಲ್ಲವಾದ್ದರಿಂದ ಎರಡು ಹೊತ್ತಿಗೂ ಹೆಚ್ಚು ಅಂತರವೇ ಉಳಿಯುವುದಿಲ್ಲ. ಮುದುಕರು ಕಂಬಳಿ ಸರಿಸಿ ಸೆಕೆ ಅನ್ನುತ್ತಾರೆ, ಮಧ್ಯಾಹ್ನ ಅದೇ ಕಂಬಳಿ ಹುಡುಕುತ್ತಾರೆ.

ಆಮೇಲೆ ಜಡಿ ಹಿಡಿಯುತ್ತದೆ. ಗುಡುಗಿಲ್ಲ, ಸಿಡಿಲಿಲ್ಲ, ಬಿರುಮಳೆಯೂ ಇಲ್ಲ. ಕೆರೆಗೆ ಹರಿದು ಹೋಗುವಷ್ಟು ಜೋರಿಲ್ಲ, ಕೆಲಸ ಮಾಡಗೊಡುವಷ್ಟು ಬಿಡುವೂ ಇಲ್ಲ. ಟಾರ್ಪಾಲು ಇದ್ದವನು ರಾಶಿ ಮುಚ್ಚುತ್ತಾನೆ. ಮುಚ್ಚಿದ ಮೆಕ್ಕೆಜೋಳ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ಬಿಚ್ಚಿಟ್ಟರೆ ನೆನೆಯುತ್ತದೆ. ರಾಗಿ ತೆನೆಯಲ್ಲೇ ಮೊಳಕೆ ಒಡೆಯುತ್ತದೆ, ಹುಲ್ಲು ಕಪ್ಪಾಗುತ್ತದೆ, ಒಟ್ಟಿದ ಶೇಂಗಾ ಹೊಟ್ಟನ್ನು ದನ ಮೂಸಿ ಬಿಡುತ್ತದೆ. ಅದೇ ಜಡಿಯಲ್ಲಿ, ಅದೇ ಹೊಲದ ಬದುವಿನಾಚೆ, ಎರೆಹೊಲದ ಕಡಲೆಗೆ ತೇವ ಸಿಕ್ಕಿತೆಂದು ಸಮಾಧಾನ. ಅದೂ ಪೂರ್ತಿ ಸಮಾಧಾನವಲ್ಲ. ಕಡಲೆ ಗಿಡದ ಎಲೆಯ ಮೇಲೆ ಹುಳಿ ಹನಿಗಟ್ಟಿರುತ್ತದೆ. ಹಿಂದೆ ಹೆಂಗಸರು ರಾತ್ರಿ ಗಿಡದ ಮೇಲೆ ಬಟ್ಟೆ ಹಾಸಿ, ಬೆಳಗ್ಗೆ ಹಿಂಡಿ, ಹೊಟ್ಟೆನೋವಿನ ಮದ್ದಿಗೆ ಆ ಹುಳಿ ಕಾಪಿಡುತ್ತಿದ್ದರು. ಮಳೆ ಬಂದರೆ ಅದು ತೊಳೆದುಹೋಗುತ್ತದೆ. ಹುಳಿ ಹೋದ ಕಡಲೆಗೆ ಹುಳ ಬೀಳುತ್ತದೆ ಎಂದು ಹಳೆ ರೈತರ ನಂಬಿಕೆ.

ಕುರಿಯವರ ಪಾಡು ಬೇರೆಯೇ. ರೊಪ್ಪದ ನೆಲ ರಾಡಿಯಾದರೆ ಗೊರಸು ಕೊಳೆಯುತ್ತದೆ. ಹಿಂಗಾರಿನ ತೇವದಲ್ಲಿ ಹುಟ್ಟುವ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನೊಣ ಕಚ್ಚಿದರೆ ನೀಲಿ ನಾಲಿಗೆ ರೋಗ. ಜ್ವರ ಬಂದು, ತುಟಿ ಬಾತು, ಮೇವು ಬಿಟ್ಟು ಕುಂಟುತ್ತ ನಿಲ್ಲುವ ಮಂದೆಯನ್ನು ನೋಡಿದವರಿಗೆ ಚಳಿಗಾಲದ ಮಳೆ ಚೆಂದ ಅನ್ನಿಸುವುದಿಲ್ಲ. ರೋಗ ನವೆಂಬರ್, ಡಿಸೆಂಬರ್‌ನಲ್ಲೇ ಹೆಚ್ಚು ಎಂಬುದು ಪಶುವೈದ್ಯರೂ ಒಪ್ಪುವ ಮಾತು.

ಮೋಡ ಘಟ್ಟದ ಕಡೆ ಸರಿದ ಮೇಲೆ ಅಲ್ಲೂ ಇದೇ ಪೇಚು. ಫೆಂಗಲ್ ಬಂದಾಗ, 2024ರ ಡಿಸೆಂಬರ್ 3ರಂದು, ದಕ್ಷಿಣ ಕನ್ನಡದಲ್ಲಿ ಶಾಲೆಗಳಿಗೆ ಮಳೆ ರಜೆ ಕೊಡಬೇಕಾಯಿತು. ಜುಲೈನಲ್ಲಿ ಕೊಡುವ ರಜೆ ಅದು. ನಾಲ್ಕು ತಿಂಗಳು ಸುರಿದರೂ ಜಗ್ಗದ ಕರಾವಳಿ ಡಿಸೆಂಬರ್‌ನ ಒಂದು ದಿನದ ಮಳೆಗೆ ಗಲಿಬಿಲಿಗೊಳ್ಳುತ್ತದೆ, ಯಾಕೆಂದರೆ ಆಗ ಅಲ್ಲಿ ಅಂಗಳದ ತುಂಬ ಅಡಿಕೆ. ನೀರಿನ ಕೊರತೆಯಲ್ಲಿ ಬಯಲುಸೀಮೆಗೂ ಕರಾವಳಿಗೂ ಹೋಲಿಕೆ ಇಲ್ಲ. ಹರವಿದ ಬೆಳೆ ನೆನೆಯುವುದರಲ್ಲಿ ಮಾತ್ರ ಇಬ್ಬರೂ ಒಂದೇ.

ವಾರ ಮುಗಿಯುವ ಹೊತ್ತಿಗೆ ಐಮಂಗಲದ ಆಕಾಶ ತೊಳೆದಂತಿರುತ್ತದೆ. ಮೋಡವಿಲ್ಲದ ರಾತ್ರಿ ಶಾಖವೆಲ್ಲ ಹಾರಿಹೋಗಿ ಹಸಿ ನೆಲದ ಮೇಲೆ ಮಂಜು ಕಟ್ಟುತ್ತದೆ. ಮುಂಜಾನೆ ಹೆದ್ದಾರಿಯಲ್ಲಿ ಲಾರಿಗಳು ದೀಪ ಹಾಕಿಕೊಂಡು ತೆವಳುತ್ತವೆ. ಕೃಷಿ ಹೊಂಡ ಮಾಡಿಸಿಕೊಂಡವರು ಎಷ್ಟು ನೀರು ನಿಂತಿತೆಂದು ನೋಡಿ ಬರುತ್ತಾರೆ. ದಾಳಿಂಬೆ ತೋಟದವರು ಹಣ್ಣು ತಿರುಗಿಸಿ ದುಂಡಾಣು ಅಂಗಮಾರಿಯ ಎಣ್ಣೆಯಂಥ ಚುಕ್ಕೆ ಹುಡುಕುತ್ತಾರೆ. ತೊಗರಿಯದ್ದು ಇನ್ನೊಂದು ಚಿಂತೆ: ಅರ್ಧ ಹೂವು, ಅರ್ಧ ಕಾಯಿ ಇರುವಾಗ ಮೋಡ ಕವಿದರೆ ಹೂ ಉದುರುತ್ತದೆ, ಕಾಯಿಕೊರಕ ಹುಳ ಹೆಚ್ಚುತ್ತದೆ. ಬಿಸಿಲು ಬಿದ್ದ ಮೊದಲ ದಿನವೇ ಗೊಬ್ಬರದ ಅಂಗಡಿಯಲ್ಲಿ ಔಷಧಿಗೆ ಜನ. ರಾಗಿ ಒಕ್ಕುವ ಮಷಿನ್‌ನವನಿಗೂ ಒಂದೇ ದಿನ ಎಲ್ಲರ ಫೋನು. ಮುಂದಿನ ಸೈಕ್ಲೋನು ಯಾವಾಗಂತೆ ಎಂದು ಅಲ್ಲೇ ಯಾರೋ ಕೇಳುತ್ತಾರೆ. ಟಿವಿಯಲ್ಲಿ ನೋಡಿದವರು ಆಗಲೇ ತಾರೀಖು ಹೇಳಲು ಶುರುಮಾಡಿರುತ್ತಾರೆ.